ಚಿಕ್ಕ ಮಿಲ್ಲಿಂಗ್ ಮಷಿನ್‌ಗೆ ಯಾವ ವೈಸ್ ಸರಿ? ದುಡ್ಡು ಕೊಡೋ ಮುಂಚೆ ಇಷ್ಟು ನೋಡಿಕೊಳ್ಳಿ

ಪೀಣ್ಯ: ಮನೆಯ ಗ್ಯಾರೇಜ್‌ನಲ್ಲೋ ಬಾಡಿಗೆ ಶೆಡ್‌ನ ಮೂಲೆಯಲ್ಲೋ ಬೆಂಚ್ ಮೇಲೆ ಕೂರುವಂಥ ಚಿಕ್ಕ ಮಿಲ್ಲಿಂಗ್ ಮಷಿನ್ ಇಟ್ಟುಕೊಂಡವರು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಮೂರೂ ಕಡೆ ಇದ್ದಾರೆ. ಕೆಲವರಿಗೆ ಅದು ವೀಕೆಂಡ್ ಹವ್ಯಾಸ. ಕೆಲವರಿಗೆ ಕಾಲೇಜು ಪ್ರಾಜೆಕ್ಟ್. ಇನ್ನು ಕೆಲವರಿಗೆ, ಕೆಲಸ ಹೋದ ಮೇಲೆ ಸ್ವಂತವಾಗಿ ಜಾಬ್ ವರ್ಕ್ ಶುರು ಮಾಡುವ ಮೊದಲ ಮೆಟ್ಟಿಲು.

ಇವರಲ್ಲಿ ಬಹಳ ಮಂದಿ ಮಷಿನ್ ಆರಿಸೋಕೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ವೈಸ್ ಮಾತ್ರ ಐದು ನಿಮಿಷದಲ್ಲಿ ಕೊಂಡು ಬರುತ್ತಾರೆ. ಆಮೇಲೆ ಜಾಬ್ ಮೂಲೆಮಟ್ಟಕ್ಕೆ ಬರಲಿಲ್ಲ, ಕಟ್ಟರ್ ಮುರೀತು, ಪಾರ್ಟಿ ಪೀಸ್ ವಾಪಸ್ ಕಳಿಸಿದರು ಅಂತ ಬೈಗುಳ ಮಷಿನ್‌ಗೆ ಬೀಳುತ್ತದೆ. ಐಟಿಐನಲ್ಲಿ ಮಷಿನಿಸ್ಟ್ ಟ್ರೇಡ್ ಓದಿದವರಿಗೆ ಇದನ್ನೆಲ್ಲ ಇನ್‌ಸ್ಟ್ರಕ್ಟರ್ ಹೇಳಿಕೊಟ್ಟಿರುತ್ತಾರೆ. ಆನ್‌ಲೈನ್‌ನಲ್ಲಿ ಮಷಿನ್ ತರಿಸಿಕೊಂಡವರಿಗೆ ಹೇಳುವವರು ಇಲ್ಲ. ಅವರಿಗಾಗಿ ಈ ಮಾಹಿತಿ.

ವೈಸ್ ಯಾಕೆ ಅಷ್ಟು ಮುಖ್ಯ?

ಮಿಲ್ಲಿಂಗ್‌ನಲ್ಲಿ ತಿರುಗುವುದು ಕಟ್ಟರ್, ಜಾಬ್ ಅಲ್ಲ. ಕಟ್ಟರ್‌ನ ಪ್ರತಿ ಹಲ್ಲೂ ಜಾಬ್‌ಗೆ ಒಂದೊಂದು ಏಟು ಕೊಡುತ್ತಾ ಹೋಗುತ್ತದೆ. 4 ಹಲ್ಲಿನ ಎಂಡ್ ಮಿಲ್ 1000 ಆರ್‌ಪಿಎಂನಲ್ಲಿ ತಿರುಗಿದರೆ ನಿಮಿಷಕ್ಕೆ 4000 ಏಟು. ಅಷ್ಟನ್ನೂ ತಡೆದುಕೊಂಡು ಜಾಬ್ ಅಲ್ಲಾಡದಂತೆ ಹಿಡಿಯುವುದು ವೈಸ್‌ನ ಮೊದಲ ಕೆಲಸ.

ಎರಡನೇ ಕೆಲಸ ಅಳತೆಯದ್ದು. ಜಾಬ್‌ನ ಎರಡು ಮುಖ 90 ಡಿಗ್ರಿಗೆ ಬರಬೇಕಾದರೆ ಆ 90 ಡಿಗ್ರಿ ಮೊದಲು ವೈಸ್‌ನಲ್ಲೇ ಇರಬೇಕು. ವೈಸ್‌ಗೆ ಎರಡು ದವಡೆ. ಕದಲದ್ದು ಫಿಕ್ಸೆಡ್ ಜಾ, ಮುಂದೆ ಹಿಂದೆ ಸರಿಯುವುದು ಮೂವಿಂಗ್ ಜಾ. ಈ ಫಿಕ್ಸೆಡ್ ಜಾ ತನ್ನ 50 ಮಿ.ಮೀ. ಎತ್ತರಕ್ಕೆ 0.05 ಮಿ.ಮೀ. ವಾಲಿದ್ದರೆ, ಜಾಬ್‌ನಲ್ಲೂ ಅಷ್ಟೇ ವಾಲು. 100 ಮಿ.ಮೀ. ಜಾಬ್‌ಗೆ ಅದು 0.1 ಮಿ.ಮೀ. ಆಗುತ್ತದೆ. ಮಷಿನ್ ಎಷ್ಟೇ ಚೆನ್ನಾಗಿರಲಿ, ಈ ತಪ್ಪನ್ನು ಅದು ಸರಿ ಮಾಡಲ್ಲ.

ಪೀಣ್ಯದಲ್ಲಿ ದೊಡ್ಡ ವೈಸ್‌ನ ಆಸೆ

1953ರಲ್ಲಿ ಎಚ್‌ಎಂಟಿ, 1961ರಲ್ಲಿ ಭಾರತ್ ಫ್ರಿಟ್ಜ್ ವರ್ನರ್, 1962ರಲ್ಲಿ ಈಗ ಸಿಎಂಟಿಐ ಎನ್ನುವ ಕೇಂದ್ರೀಯ ಸಂಸ್ಥೆ. ಜಾಲಹಳ್ಳಿ, ಯಶವಂತಪುರ, ತುಮಕೂರು ರಸ್ತೆ ಸುತ್ತ ಮಷಿನ್ ಟೂಲ್ ಕೆಲಸ ಬೇರು ಬಿಟ್ಟಿದ್ದು ಹೀಗೆ. ಪೀಣ್ಯದ ಶೆಡ್‌ಗಳಲ್ಲಿ ಹಳೇ ಎಚ್‌ಎಂಟಿ ಮಷಿನ್ ಈಗಲೂ ಓಡುತ್ತವೆ. ಅದರ ಫಲವಾಗಿ ಇಲ್ಲಿ ಸೆಕೆಂಡ್ ಹ್ಯಾಂಡ್ ವೈಸ್‌ಗೆ ಬರವಿಲ್ಲ. ಆದರೆ ಅವು ಟನ್‌ಗಟ್ಟಲೆ ತೂಗುವ ಮಷಿನ್‌ಗಾಗಿ ಮಾಡಿದವು, 6 ಇಂಚು, 8 ಇಂಚಿನವು. ‘ತಗೊಳ್ಳಿ ಸಾರ್, ಗಟ್ಟಿ ಮಾಲು, ಲೈಫ್‌ಲಾಂಗ್ ಬರತ್ತೆ’ ಅಂತ ಗುಜರಿಯವರು ಹೇಳಿದರೆ ಅದು ಸುಳ್ಳಲ್ಲ. ಚಿಕ್ಕ ಮಷಿನ್‌ಗೆ ಹೊಂದಲ್ಲ, ಅಷ್ಟೇ.

ಲೆಕ್ಕ ನೋಡಿ. ಹವ್ಯಾಸಿಗಳ ಕೈಯಲ್ಲಿ ಹೆಚ್ಚು ಕಾಣುವ ಎಕ್ಸ್-2 ಮಾದರಿಯ ಮಿನಿ ಮಿಲ್‌ನ ಟೇಬಲ್ ಸುಮಾರು 390 ಮಿ.ಮೀ. ಉದ್ದ, 92 ಮಿ.ಮೀ. ಅಗಲ. ಒಳ್ಳೆಯ 6 ಇಂಚಿನ ಮಿಲ್ಲಿಂಗ್ ವೈಸ್ ಒಂದೇ 30 ಕೆ.ಜಿ. ದಾಟುತ್ತದೆ. ಅಷ್ಟು ಭಾರ ಕೂರಿಸಿದರೆ ಟೇಬಲ್ ಸರಿಯುವ ಜಾಗ ಬೇಗ ಸವೆಯುತ್ತದೆ, ಹ್ಯಾಂಡಲ್ ತಿರುಗಿಸೋದೂ ಕಷ್ಟ.

ಎತ್ತರದ ಲೆಕ್ಕ ಇನ್ನೂ ಬಿಗಿ. ಟೇಬಲ್‌ನಿಂದ ಸ್ಪಿಂಡಲ್‌ವರೆಗೆ 280 ಮಿ.ಮೀ. ಜಾಗ ಇದೆ ಅಂದುಕೊಳ್ಳಿ. ವೈಸ್ 115, ಅದರ ಕೆಳಗೆ ತಿರುಗುವ ಬೇಸ್ 35, ಡ್ರಿಲ್ ಚಕ್ ಮತ್ತು ಡ್ರಿಲ್ ಸೇರಿ 110. ಉಳಿದಿದ್ದು 20 ಮಿ.ಮೀ. ಅಷ್ಟರಲ್ಲಿ ಏನು ಕೆಲಸ ಮಾಡೋದು?

ಯಾವ ಸೈಜ್ ಸರಿ?

ಟೇಬಲ್ ಅಗಲ ನೋಡಿ ಜಾ ಅಗಲ ಆರಿಸುವುದು ಸುಲಭದ ದಾರಿ. ಸುಮಾರು 90 ಮಿ.ಮೀ. ಅಗಲದ ಟೇಬಲ್‌ಗೆ 60ರಿಂದ 75 ಮಿ.ಮೀ., ಅಂದರೆ ಎರಡೂವರೆಯಿಂದ 3 ಇಂಚಿನ ವೈಸ್ ಸಾಕು. 150-160 ಮಿ.ಮೀ. ಟೇಬಲ್ ಇರುವ ಸ್ವಲ್ಪ ದೊಡ್ಡ ಬೆಂಚ್ ಮಷಿನ್‌ಗೆ 3ರಿಂದ 4 ಇಂಚು. ಎಲ್ಲೋ ಒಮ್ಮೆ ದೊಡ್ಡ ಜಾಬ್ ಬಂದರೆ ವೈಸ್ ತೆಗೆದು, ಕ್ಲ್ಯಾಂಪ್ ಸೆಟ್‌ನಿಂದ ನೇರವಾಗಿ ಟೇಬಲ್‌ಗೇ ಕಟ್ಟಬಹುದು. ಆ ಒಂದು ಜಾಬ್‌ಗಾಗಿ ದಿನಾ ದೊಡ್ಡ ವೈಸ್ ಹೊರುವುದು ಬೇಡ.

ಕೊಳ್ಳುವ ಮುಂಚೆ ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ವೈಸ್‌ನ ಉದ್ದ, ಅಗಲ ಅಂಗಡಿಯವರ ಹತ್ತಿರ ಕೇಳಿ, ಅದೇ ಅಳತೆಗೆ ರಟ್ಟು ಕತ್ತರಿಸಿ ಟೇಬಲ್ ಮೇಲಿಡಿ. ಟೇಬಲ್ಲನ್ನು ಪೂರ್ತಿ ಹಿಂದಕ್ಕೆ, ಪೂರ್ತಿ ಮುಂದಕ್ಕೆ ಓಡಿಸಿ. ಹಿಂದಿನ ತುದಿ ಮಷಿನ್‌ನ ಕಾಲಂಗೆ ಬಡಿಯುತ್ತಾ? ವೈಸ್ ಹ್ಯಾಂಡಲ್ ತಿರುಗಿಸೋಕೆ ಮುಂದೆ ಜಾಗ ಇದೆಯಾ? ಕಟ್ಟರ್ ಎರಡೂ ಜಾ ತಲುಪುತ್ತಾ? ರಟ್ಟಿನಲ್ಲೇ ಗೊತ್ತಾಗುತ್ತದೆ.

ಬೋಲ್ಟ್ ಎಲ್ಲಿ ಬರುತ್ತದೆ ಅನ್ನೋದನ್ನೂ ಆಗಲೇ ನೋಡಿ. ತುಂಬಾ ವೈಸ್‌ಗಳಿಗೆ ಬೋಲ್ಟ್ ಹಾಕುವ ಕಿವಿ ಉದ್ದದ ತುದಿಯಲ್ಲಿರುತ್ತದೆ. ಟೇಬಲ್ ಅಗಲ ಕಡಿಮೆ ಇದ್ದರೆ ಆ ಕಿವಿ ಟೇಬಲ್‌ನಿಂದ ಆಚೆ ನೇತಾಡುತ್ತದೆ. ಅಂಥ ಮಷಿನ್‌ಗೆ ಪಕ್ಕದ ಗೋಡೆಯಲ್ಲಿ ಉದ್ದಕ್ಕೂ ಗಾಡಿ ಇರುವ, ಎಲ್ಲಿ ಬೇಕಾದರೂ ಕ್ಲ್ಯಾಂಪ್ ಹಾಕಬಹುದಾದ ವೈಸ್ ಬೇಕು.

ಅಂಗಡಿಯಲ್ಲಿ ಸಿಗುವ ಮೂರು ಬಗೆ

ಡ್ರಿಲ್ ವೈಸ್: ಎಲ್ಲಕ್ಕಿಂತ ಅಗ್ಗ. ನೋಡೋಕೆ ಮಿಲ್ಲಿಂಗ್ ವೈಸ್ ಥರಾನೇ ಇರುತ್ತದೆ. ಆದರೆ ಇದು ಡ್ರಿಲ್ಲಿಂಗ್‌ಗೆ, ಅಂದರೆ ಮೇಲಿನಿಂದ ಕೆಳಕ್ಕೆ ಬೀಳುವ ಒತ್ತಡಕ್ಕೆ ಮಾಡಿದ್ದು. ಮಿಲ್ಲಿಂಗ್‌ನಲ್ಲಿ ಒತ್ತಡ ಪಕ್ಕದಿಂದ ಬರುತ್ತದೆ. ಬಿಗಿ ಮಾಡುತ್ತಿದ್ದಂತೆ ಇದರ ಮೂವಿಂಗ್ ಜಾ ಹಿಂದಕ್ಕೆ ವಾಲಿ ಮೇಲೇಳುತ್ತದೆ, ಜಾಬನ್ನೂ ಎತ್ತುತ್ತದೆ. ಇದನ್ನು ಡ್ರಿಲ್ಲಿಂಗ್‌ಗೆ ಮಾತ್ರ ಇಟ್ಟುಕೊಳ್ಳಿ.

ಸ್ಕ್ರೂಲೆಸ್ ವೈಸ್: ಗ್ರೈಂಡಿಂಗ್ ವೈಸ್, ಟೂಲ್‌ಮೇಕರ್ ವೈಸ್ ಅಂತಲೂ ಕೇಳಬಹುದು. ಇದಕ್ಕೆ ಉದ್ದದ ಸ್ಕ್ರೂ, ಹ್ಯಾಂಡಲ್ ಇರಲ್ಲ. ಅಲೆನ್ ಕೀಯಿಂದ ಬಿಗಿ ಮಾಡಿದರೆ ಓರೆಯಾಗಿರುವ ಬೋಲ್ಟ್ ಮೂವಿಂಗ್ ಜಾವನ್ನು ಮುಂದಕ್ಕೂ ಕೆಳಕ್ಕೂ ಒಟ್ಟಿಗೆ ಎಳೆಯುತ್ತದೆ. ಹಾರ್ಡನ್ ಮಾಡಿದ ಸ್ಟೀಲ್, ಎಲ್ಲಾ ಕಡೆ ಗ್ರೈಂಡ್ ಮಾಡಿರುತ್ತಾರೆ, ಎತ್ತರ ಕಡಿಮೆ. 73 ಮಿ.ಮೀ. ಸೈಜಿನದು 4 ಕೆ.ಜಿ. ಆಸುಪಾಸು. ಪಕ್ಕದ ಗಾಡಿ ಇದರಲ್ಲಿ ಇರುತ್ತದೆ. ಒಂದೇ ಕಿರಿಕಿರಿ ಅಂದರೆ, ಜಾಬ್ ಸೈಜ್ ಬದಲಾದಾಗ ಒಳಗಿನ ಪಿನ್ನನ್ನು ಒಂದು ಕಚ್ಚಿನಿಂದ ಇನ್ನೊಂದಕ್ಕೆ ಹಾಕಬೇಕು, ಸ್ವಲ್ಪ ನಿಧಾನ. ಎಕ್ಸ್-2 ಥರದ ಮಷಿನ್‌ಗೆ ಹಾಕುವ ದುಡ್ಡಿಗೆ ಮೋಸವಿಲ್ಲದ ಆಯ್ಕೆ ಇದೇ.

ಆ್ಯಂಗಲ್ ಲಾಕ್ ವೈಸ್: ಅಮೆರಿಕದ ಕರ್ಟ್ ಕಂಪನಿ ಹೆಸರು ಮಾಡಿದ ಬಗೆ. ಈಗ ಬೇರೆಯವರೂ ಇದೇ ಮಾದರಿಯಲ್ಲಿ ಮಾಡುತ್ತಾರೆ. ಮೂವಿಂಗ್ ಜಾ ಒಳಗೆ ಓರೆ ಮುಖದ ಮೇಲೆ ಅರ್ಧ ಗೋಲಿಯಂಥ ತುಂಡು ಕೂತಿರುತ್ತದೆ. ಸ್ಕ್ರೂ ಬಿಗಿಯಾದಷ್ಟೂ ಜಾ ಕೆಳಕ್ಕೆ ಕೂರುತ್ತದೆ. ಹ್ಯಾಂಡಲ್ ಇರುವುದರಿಂದ ಕೆಲಸ ಬೇಗ. ಒಂದೇ ಥರದ 50 ಪೀಸ್ ಜಾಬ್ ವರ್ಕ್ ಮಾಡುವವರಿಗೆ ಇದು ಅನುಕೂಲ. ಆದರೆ ತೂಕ, ಉದ್ದ ಎರಡೂ ಜಾಸ್ತಿ. 150 ಮಿ.ಮೀ.ಗಿಂತ ಕಡಿಮೆ ಅಗಲದ ಟೇಬಲ್‌ಗೆ ಬೇಡ.

ವೈಸ್ ಜೊತೆ ಡಿಗ್ರಿ ಗುರುತಿರುವ ಸ್ವಿವೆಲ್ ಬೇಸ್ ಕೊಟ್ಟರೆ ಖುಷಿಪಡಬೇಡಿ. ಎತ್ತರ ತಿನ್ನುತ್ತದೆ, ಬಿಗಿತನವನ್ನೂ ಕಡಿಮೆ ಮಾಡುತ್ತದೆ. ಕಳಚಿ ಪಕ್ಕಕ್ಕಿಟ್ಟು ವೈಸನ್ನು ನೇರ ಟೇಬಲ್ ಮೇಲೆ ಕೂರಿಸಿ. ಅದಕ್ಕಾಗಿ ಜಾಸ್ತಿ ದುಡ್ಡಂತೂ ಕೊಡಲೇಬೇಡಿ.

ಅಂಗಡಿಯಲ್ಲೇ ಮಾಡುವ ಪರೀಕ್ಷೆ

ಹೊಸದಾಗಿ ಕೊಳ್ಳುವವರಿಗೆ ಎಸ್‌ಜೆಪಿ ರಸ್ತೆ ಹಳೇ ದಾರಿ. ಪೀಣ್ಯ, ಜಾಲಹಳ್ಳಿ ಕಡೆಯವರು ಮೆಟ್ರೋ ಹಸಿರು ಮಾರ್ಗದಲ್ಲಿ ಕೆ.ಆರ್. ಮಾರ್ಕೆಟ್ ನಿಲ್ದಾಣದಲ್ಲಿ ಇಳಿದರೆ ಹತ್ತಿರ. ಅದೇ ಮಾರ್ಗದ ಇನ್ನೊಂದು ತುದಿ ಮಾದಾವರ. ಅಲ್ಲಿನ ಬಿಐಇಸಿಯಲ್ಲಿ ಜನವರಿಯಲ್ಲಿ ಇಮ್‌ಟೆಕ್ಸ್ ಮೇಳ ನಡೆದಾಗ ಬೇರೆ ಬೇರೆ ಕಂಪನಿಯ ವೈಸ್‌ಗಳನ್ನು ಒಂದೇ ಕಡೆ ಮುಟ್ಟಿ ನೋಡಬಹುದು.

ಡಬ್ಬದ ಮೇಲೆ ‘ಪ್ರಿಸಿಷನ್’ ಅಂತ ಬರೆದಿದ್ದರೆ ಸಾಲದು. ಒಂದು ತೆಳು ಕಾಗದ, ಒಂದು ಸಪಾಟಾದ ಚೌಕ ಬ್ಲಾಕ್ ಜೇಬಿನಲ್ಲಿ ಒಯ್ಯಿರಿ. ಕಾಗದದ ನಾಲ್ಕು ಚೂರನ್ನು ಬ್ಲಾಕ್ ಮತ್ತು ಮೂವಿಂಗ್ ಜಾ ನಡುವೆ ನಾಲ್ಕು ಮೂಲೆಗೆ ಇಟ್ಟು ಬಿಗಿ ಮಾಡಿ. ನಾಲ್ಕೂ ಗಟ್ಟಿಯಾಗಿ ಹಿಡಿದರೆ ಒಳ್ಳೆಯದು. ಕೆಳಗಿನವು ಬಿಗಿಯಾಗಿ ಮೇಲಿನವು ಜಾರಿ ಬಂದರೆ ಜಾ ಹಿಂದಕ್ಕೆ ವಾಲುತ್ತಿದೆ ಅಂತ ಅರ್ಥ. ವೈಸ್ ತಳವನ್ನು ಸರ್ಫೇಸ್ ಪ್ಲೇಟ್ ಅಥವಾ ದಪ್ಪ ಗಾಜಿನ ಮೇಲಿಟ್ಟು ಮೂಲೆ ಒತ್ತಿ ನೋಡಿ, ಟಕ್ ಟಕ್ ಅನ್ನಬಾರದು. ಅಂಗಡಿಯಲ್ಲಿ ಡಯಲ್ ಗೇಜ್ ಇದ್ದರೆ ಬಿಗಿ ಮಾಡುವಾಗ ಮೂವಿಂಗ್ ಜಾ ಎಷ್ಟು ಮೇಲೇಳುತ್ತದೆ ಅಂತ ತೋರಿಸೋಕೆ ಹೇಳಿ. ತೋರಿಸಲ್ಲ ಅಂದರೆ ಬೇರೆ ಅಂಗಡಿ ಇದೆ.

ಸೆಕೆಂಡ್ ಹ್ಯಾಂಡ್ ಆದರೆ ಇನ್ನೂ ನಾಲ್ಕು ನೋಡಬೇಕು. ಜಾ ಮತ್ತು ಬೆಡ್ ಮೇಲೆ ಕಟ್ಟರ್ ಕೊರೆದ ಗಾಯ, ಡ್ರಿಲ್ ತೂತು. ಬೀಡು ಕಬ್ಬಿಣದ ಬಾಡಿಯಲ್ಲಿ ಬಿರುಕು ಅಥವಾ ವೆಲ್ಡಿಂಗ್ ಗುರುತು. ಮೂವಿಂಗ್ ಜಾವನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರೆ ಆಟ. ಕೊನೆಯದಾಗಿ, ಜಾ ಹತ್ತಿರ ಇದ್ದಾಗ ಸಡಿಲ, ಪೂರ್ತಿ ತೆರೆದಾಗ ಬಿಗಿ ಅನ್ನಿಸಿದರೆ ಬೆಡ್ ಸವೆದಿದೆ. ಜಾ ಪ್ಲೇಟ್ ಮಾತ್ರ ಹಾಳಾಗಿದ್ದರೆ ಚಿಂತೆಯಿಲ್ಲ, ಅದನ್ನು ಬಿಚ್ಚಿ ಬೇರೆ ಹಾಕಬಹುದು. ಬೆಡ್ ಸವೆದಿದ್ದರೆ ಅಲ್ಲೇ ಬಿಟ್ಟು ಬನ್ನಿ.

ಕೂರಿಸುವ ಕ್ರಮ

ಟಿ-ನಟ್ ಕೊಳ್ಳುವ ಮುಂಚೆ ಟೇಬಲ್‌ನ ಟಿ-ಸ್ಲಾಟ್ ಅಗಲವನ್ನು ವರ್ನಿಯರ್‌ನಲ್ಲಿ ಅಳೆಯಿರಿ. ಸಾಮಾನ್ಯವಾಗಿ 10 ಮಿ.ಮೀ. ಸ್ಲಾಟ್‌ಗೆ ಎಂ-8, 12 ಮಿ.ಮೀ. ಸ್ಲಾಟ್‌ಗೆ ಎಂ-10 ಟಿ-ನಟ್. ಸ್ಟಡ್ ಉದ್ದ ಜಾಸ್ತಿಯಾಗಿ ಸ್ಲಾಟ್‌ನ ತಳಕ್ಕೆ ಒತ್ತಬಾರದು. ಒತ್ತಿದರೆ ಬಿಗಿ ಮಾಡುವಾಗ ಸ್ಲಾಟ್‌ನ ತುಟಿಯೇ ಮುರಿಯಬಹುದು, ಆಗ ಹೋಗುವುದು ಟೇಬಲ್.

ಟೇಬಲ್, ವೈಸ್ ತಳ ಎರಡನ್ನೂ ಒರೆಸಿ, ಸಣ್ಣ ಬರ್ ಇದ್ದರೆ ಎಣ್ಣೆಕಲ್ಲಿನಲ್ಲಿ ತೆಗೆಯಿರಿ. ಬೋಲ್ಟ್ ಅರ್ಧ ಬಿಗಿ ಮಾಡಿ, ಸ್ಪಿಂಡಲ್‌ಗೆ ಡಯಲ್ ಕಟ್ಟಿ ಫಿಕ್ಸೆಡ್ ಜಾ ಮೇಲೆ ಒಂದು ತುದಿಯಿಂದ ಇನ್ನೊಂದಕ್ಕೆ ಓಡಿಸಿ. 70 ಮಿ.ಮೀ. ಜಾಗೆ ವ್ಯತ್ಯಾಸ 0.02 ಮಿ.ಮೀ. ಒಳಗೆ ಬರುವ ತನಕ ರಬ್ಬರ್ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ. ಪೂರ್ತಿ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ಓಡಿಸಿ, ಬಿಗಿ ಮಾಡುವಾಗಲೇ ಅದು ಸರಿದಿರುತ್ತದೆ.

ಜಾಬ್ ಕೆಳಗೆ ಪ್ಯಾರಲಲ್ ಇಡಿ. ಬಿಗಿ ಮಾಡಿ ಜಾಬನ್ನು ತಟ್ಟಿದ ಮೇಲೆ ಪ್ಯಾರಲಲ್ ಬೆರಳಿಗೆ ಅಲ್ಲಾಡಬಾರದು. ಅಲ್ಲಾಡಿದರೆ ಜಾಬ್ ಮೇಲೆದ್ದಿದೆ. ಒರಟು ಮುಖದ ಪೀಸ್ ಆದರೆ ಮೂವಿಂಗ್ ಜಾ ಮತ್ತು ಜಾಬ್ ನಡುವೆ ಒಂದು ತುಂಡು ತಾಮ್ರದ ದುಂಡು ರಾಡ್ ಅಡ್ಡ ಇಟ್ಟು ಹಿಡಿಯಿರಿ. ಆಗ ಜಾಬ್ ಫಿಕ್ಸೆಡ್ ಜಾಗೆ ಪೂರ್ತಿ ಒರಗುತ್ತದೆ. ಜಾಬ್ ಜಾ ನಡುವೆ ಇರಲಿ. ಒಂದು ತುದಿಯಲ್ಲೇ ಹಿಡಿಯಬೇಕಾದರೆ ಇನ್ನೊಂದು ತುದಿಗೆ ಅದೇ ದಪ್ಪದ ಪ್ಯಾಕಿಂಗ್ ಕೊಡಿ.

ಕೈ, ಕಣ್ಣು ಜೋಪಾನ

ಹಿಡಿತ ತಪ್ಪಿದ ಜಾಬ್ ಕಟ್ಟರ್‌ಗೆ ಸಿಕ್ಕಿ ಎಲ್ಲಿಗೆ ಹಾರುತ್ತದೆ ಅಂತ ಹೇಳೋಕಾಗಲ್ಲ. ಫ್ಯಾಕ್ಟರಿಯಲ್ಲಾದರೆ ಪಕ್ಕದಲ್ಲಿ ಯಾರಾದರೂ ಇರುತ್ತಾರೆ, ಮನೆ ಗ್ಯಾರೇಜ್‌ನಲ್ಲಿ ಮಷಿನ್ ಓಡಿಸುವವರು ಒಬ್ಬರೇ. ಸ್ಪಿಂಡಲ್ ಶುರು ಮಾಡುವ ಮುಂಚೆ ವೈಸ್ ಹ್ಯಾಂಡಲ್ ಅಥವಾ ಅಲೆನ್ ಕೀ ತೆಗೆದಿಡಿ. ಬಿಗಿ ಸಾಲದು ಅಂತ ಹ್ಯಾಂಡಲ್‌ಗೆ ಪೈಪ್ ತೂರಿಸಬೇಡಿ. ಕನ್ನಡಕ ಇರಲಿ, ಗ್ಲೌಸ್ ಮತ್ತು ಉದ್ದ ತೋಳು ಬೇಡ. ಅಳತೆ ನೋಡೋದಾದರೆ ಸ್ಪಿಂಡಲ್ ನಿಂತ ಮೇಲೆ.

ಒಟ್ಟಿನಲ್ಲಿ ನೆನಪಿಡಬೇಕಾದ್ದು

- ಟೇಬಲ್ ಅಗಲಕ್ಕಿಂತ ಜಾ ಅಗಲ ಕಡಿಮೆ ಇರಲಿ. ಮೊದಲು ರಟ್ಟು, ಆಮೇಲೆ ದುಡ್ಡು.
- ಮಿನಿ ಮಿಲ್‌ಗೆ ಎರಡೂವರೆಯಿಂದ 3 ಇಂಚಿನ ಸ್ಕ್ರೂಲೆಸ್. 150 ಮಿ.ಮೀ. ದಾಟಿದ ಟೇಬಲ್ ಇದ್ದು ಪೀಸ್ ಜಾಸ್ತಿ ಮಾಡುವವರಿಗೆ 4 ಇಂಚಿನ ಆ್ಯಂಗಲ್ ಲಾಕ್.
- ಡ್ರಿಲ್ ವೈಸ್‌ನಲ್ಲಿ ಮಿಲ್ಲಿಂಗ್ ಬೇಡ, ಸ್ವಿವೆಲ್ ಬೇಸ್‌ಗೆ ದುಡ್ಡು ಬೇಡ.
- ಬಜೆಟ್ ಕಡಿಮೆ ಇದ್ದರೆ ಸೈಜ್ ಇಳಿಸಿ, ಗುಣಮಟ್ಟ ಇಳಿಸಬೇಡಿ. ಸರಿಯಾದ 3 ಇಂಚಿನ ವೈಸ್, ವಾಲಿದ 5 ಇಂಚಿನದಕ್ಕಿಂತ ಜಾಸ್ತಿ ಕೆಲಸ ಮಾಡಿಕೊಡುತ್ತದೆ.
- ವೈಸ್ ದುಡ್ಡಿನ ಜೊತೆಗೇ ಒಂದು ಡಯಲ್ ಗೇಜ್, ಒಂದು ಜೊತೆ ಪ್ಯಾರಲಲ್‌ಗೂ ತೆಗೆದಿಡಿ. ಅವಿಲ್ಲದೆ ಒಳ್ಳೆ ವೈಸ್ ಕೂಡ ಅಂದಾಜಿನ ಕೆಲಸವೇ.