ದೊಡ್ರೋಗ ಎಲ್ಲಿಗೆ ಹೋಯ್ತು?

ಹಾಲು ಕರೆಯುವಾಗ ಹಸು ಒದ್ದರೆ ನಮ್ಮಜ್ಜಿ ಬೈತಿದ್ದದ್ದು ಒಂದೇ ಮಾತು: "ನಿಂಗ್ ದೊಡ್ರೋಗ ಬರ!" ಅದು ಬರೀ ಬೈಗುಳ ಅಂದ್ಕೊಂಡೇ ನಾನು ಬೆಳೆದೆ.

ಹೋದ ವರ್ಷ ನಮ್ಮ ನಾಯಿಗೆ ಹುಷಾರಿಲ್ಲದೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಿದ್ದೆ. ಸಾಲಿನಲ್ಲಿ ಲ್ಯಾಬ್ರಡಾರ್‌ಗಳು, ಬುಟ್ಟಿಯೊಳಗೆ ಬೆಕ್ಕುಗಳು. ನೋಡಿದ ಹುಡುಗ ಇನ್ನೂ ಇಂಟರ್ನ್. ಕೃಷಿಕರ ಕೋಟಾದಲ್ಲಿ ಸೀಟು ಸಿಕ್ಕಿದ್ದಂತೆ. ನಮ್ಮಂಥ ರೈತರ ಮಕ್ಕಳು ಬೀಜ, ನೇಗಿಲು, ಸಲಕರಣೆ ಗುರುತಿಸೋ ಪರೀಕ್ಷೆ ಬರೆದು ಬರೋ ದಾರಿ ಅದು. ಅಜ್ಜಿಯ ಬೈಗುಳ ಹೇಳಿದೆ. ನಕ್ಕು, "ಸರ್, ಅದು ರಿಂಡರ್‌ಪೆಸ್ಟ್. ನಮಗೀಗ ಪುಸ್ತಕದಲ್ಲಷ್ಟೇ ಸಿಗತ್ತೆ" ಅಂದ.

ಮನೆಗೆ ಬಂದು ಓದುತ್ತಾ ಕೂತೆ. ಮೊದಲು ಜ್ವರ, ಆಮೇಲೆ ಬಾಯಲ್ಲಿ ಹುಣ್ಣು, ಭೇದಿ, ವಾರ ಹತ್ತು ದಿನದಲ್ಲಿ ಸಾವು. ಹಟ್ಟಿಗೆ ಹಟ್ಟಿಯೇ ಖಾಲಿ. ಎತ್ತು ಸತ್ತರೆ ಉಳುಮೆಯಿಲ್ಲ, ಉಳುಮೆಯಿಲ್ಲದಿದ್ದರೆ ಊಟವಿಲ್ಲ. 1890ರ ಆಸುಪಾಸಿನಲ್ಲಿ ಇಥಿಯೋಪಿಯಾದಲ್ಲಿ ಈ ರೋಗದ ಬೆನ್ನಿಗೇ ಘೋರ ಕ್ಷಾಮ ಬಂತು.

ನಾವು ಏರ್‌ಪೋರ್ಟಿಗೆ ಓಡೋ ಹೆಬ್ಬಾಳದಲ್ಲಿ 1925ರಲ್ಲಿ ಮೈಸೂರು ಸಂಸ್ಥಾನ ಸೀರಂ ಇನ್‌ಸ್ಟಿಟ್ಯೂಟ್ ಕಟ್ಟಿದ್ದು ಈ ಒಂದು ರೋಗಕ್ಕಾಗಿಯೇ. ರೋಗ ತಡೆದುಕೊಳ್ಳುವ ಶಕ್ತಿ ಬರಿಸಿದ ದನಗಳ ರಕ್ತದಿಂದ ಸೀರಂ ತೆಗೆದು ಬೇರೆ ದನಗಳಿಗೆ ಕೊಡುತ್ತಿದ್ದರು. ಅದರ ರಕ್ಷಣೆ ಕೆಲವೇ ದಿನ. ಬಾಳಿಕೆ ಬರುವ ಲಸಿಕೆಗಳು ಆಮೇಲೆ ಬಂದವು. ಇವತ್ತು ಅದೇ ಸಂಸ್ಥೆ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ.

ಆದರೆ ಸೀರಂ ಚುಚ್ಚೋಕೆ ಡಾಕ್ಟ್ರು ಬೇಕಲ್ಲ? ಪಶುವೈದ್ಯ ಆಗಬೇಕಂದ್ರೆ ನಮ್ಮವರು ಮದ್ರಾಸಿಗೋ ಬೊಂಬಾಯಿಗೋ ಹೋಗಬೇಕಿತ್ತು. ಬೊಂಬಾಯಿ ಕಾಲೇಜು 1886ರದ್ದು, ಮದ್ರಾಸಿನದ್ದು 1903ರದ್ದು. ಹೆಬ್ಬಾಳಕ್ಕೆ ಕಾಲೇಜು ಬಂದದ್ದು 1958ರಲ್ಲಿ. ಮುಂದೆ ಅದು ಕೃಷಿ ವಿಶ್ವವಿದ್ಯಾಲಯಕ್ಕೆ, ಆಮೇಲೆ ಬೀದರಿನ ಪಶು ವಿಶ್ವವಿದ್ಯಾಲಯಕ್ಕೆ ಸೇರಿತು. ಹಳ್ಳಿಯ ಹುಡುಗನಿಗೆ ಪಶುವೈದ್ಯಕೀಯ ಓದು ಒಂದು ಬಸ್ ಚಾರ್ಜಿನ ದೂರಕ್ಕೆ ಬಂದದ್ದು ಆಗ.

ಓದಿದವರು ಹೋದದ್ದು ಹೆಚ್ಚಾಗಿ ಸರ್ಕಾರಿ ಕೆಲಸಕ್ಕೆ, ಹೋಬಳಿಯ ಪಶು ಆಸ್ಪತ್ರೆಗಳಿಗೆ. ದೇಶವ್ಯಾಪಿ ರಿಂಡರ್‌ಪೆಸ್ಟ್ ನಿರ್ಮೂಲನಾ ಕಾರ್ಯಕ್ರಮ ಶುರುವಾಗಿದ್ದು 1954ರಲ್ಲಿ. ಐಸ್ ತುಂಬಿದ ಫ್ಲಾಸ್ಕು, ಸಿರಿಂಜು, ಧೂಳಿನ ದಾರಿ, ಒದೆಯೋ ಹಸು, "ಸೂಜಿ ಚುಚ್ಚಿದ್ರೆ ಹಾಲು ಕಮ್ಮಿಯಾಗತ್ತೆ" ಅನ್ನೋ ರೈತ: ಇವರ ವೃತ್ತಿಜೀವನ ಅಂದ್ರೆ ಇಷ್ಟೇ, ಪ್ರತಿ ವರ್ಷ. ಭಾರತದಲ್ಲಿ ಕೊನೆಯ ರಿಂಡರ್‌ಪೆಸ್ಟ್ ಕಂಡದ್ದು 1995ರಲ್ಲಿ. ಅಲ್ಲಿಗೂ ಕೆಲಸ ಮುಗಿಯಲಿಲ್ಲ. ಲಸಿಕೆ ನಿಲ್ಲಿಸಿ, ಊರೂರಿಂದ ರಕ್ತದ ಮಾದರಿ ತಂದು, ರೋಗ "ಇಲ್ಲ" ಅಂತ ಸಾಬೀತು ಮಾಡಬೇಕಿತ್ತು. 2011ರಲ್ಲಿ ಇಡೀ ಜಗತ್ತೇ ಮುಕ್ತ ಅಂತ ಘೋಷಣೆಯಾಯ್ತು. ಸಿಡುಬಿನ ನಂತರ ಮನುಷ್ಯ ಭೂಮಿಯಿಂದ ಪೂರ್ತಿ ಅಳಿಸಿದ ಎರಡನೇ ರೋಗ ಇದು.

ನನ್ನ ಕೆಲಸದಲ್ಲಿ ಸರ್ವರ್ ಬಿದ್ದಾಗ ರಾತ್ರಿಯೆಲ್ಲ ಕೂತು ಎಬ್ಬಿಸಿದವನಿಗೆ ಚಪ್ಪಾಳೆ. ಬೀಳದ ಹಾಗೆ ನೋಡ್ಕೊಂಡವನ ಹೆಸರು ಅಪ್ರೈಸಲ್‌ನಲ್ಲಿ ಬರಲ್ಲ. ಈ ಡಾಕ್ಟ್ರುಗಳದ್ದೂ ಅದೇ ಕತೆ. ಬಾರದ ರೋಗಕ್ಕೆ ಯಾರೂ ಥ್ಯಾಂಕ್ಸ್ ಹೇಳಲ್ಲ. ಬದಲಿಗೆ "ದನದ ಡಾಕ್ಟ್ರು" ಅನ್ನೋದನ್ನೇ ನಾವು ತಮಾಷೆ ಮಾಡ್ಕೊಂಡ್ವಿ. ಪಿಯುಸಿಯಲ್ಲಿ ನನ್ನ ಕ್ಲಾಸ್‌ಮೇಟ್‌ಗೆ ವೆಟರ್ನರಿ ಸೀಟು ಸಿಕ್ಕಾಗ ನಕ್ಕವರಲ್ಲಿ ನಾನೂ ಇದ್ದೆ.

ನಾನು ಚಿಕ್ಕವನಿದ್ದಾಗ ಮೊಪೆಡ್ಡಿನಲ್ಲಿ ಫ್ಲಾಸ್ಕು ನೇತುಹಾಕ್ಕೊಂಡು ಒಬ್ಬರು ನಮ್ಮೂರಿಗೆ ಬರ್ತಿದ್ದರು. ಅಜ್ಜಿ ಅವರಿಗೆ ಮಜ್ಜಿಗೆ ಕೊಡೋರು. ಅವರ ಹೆಸರು ಮನೆಯಲ್ಲಿ ಯಾರಿಗೂ ನೆನಪಿಲ್ಲ. ಅವರು ಹೋದಮೇಲೂ ಅಜ್ಜಿ ಹಸುವಿಗೆ ದೊಡ್ರೋಗ ಬರ ಅಂತ ಬೈತಾನೇ ಇದ್ರು. ಆ ಹಸು ವಯಸ್ಸಾಗಿ ಸತ್ತಿತು.