ಕೊನೆಯ ಮಾತು ಯಾವ ಫೈಲಿನದು?

ಮೊನ್ನೆ ಹಳೇ ಹಾರ್ಡ್‌ಡಿಸ್ಕಿನಲ್ಲಿ ಏನೋ ಹುಡುಕುತ್ತಿದ್ದಾಗ 2020ರ ನನ್ನ ಆಫೀಸ್ ಟಿಪ್ಪಣಿಗಳು ಸಿಕ್ಕವು. ಒಂದು ಪುಟದ ತುಂಬ ಒಂದೇ ವಾಕ್ಯ, ಏಳೆಂಟು ಸಲ: "ಬದಲಾಯಿಸಿದೆ, ರೀಸ್ಟಾರ್ಟ್ ಮಾಡಿದೆ, ಏನೂ ಆಗಲಿಲ್ಲ." ಓದಿ ನಗು ಬಂತು. ಬರೆದ ದಿನ ಮಾತ್ರ ನಗುವ ಸ್ಥಿತಿಯಲ್ಲಿರಲಿಲ್ಲ ಬಿಡಿ.

ಲಾಕ್‌ಡೌನಿನ ಕಾಲ. ನಾನು ಕೆಲಸಕ್ಕೆ ಸೇರಿ ವರ್ಷವಷ್ಟೇ ಆಗಿತ್ತು. ಒಂದು ಕಾಲೇಜಿನ ಪಾಠಗಳನ್ನು ನೇರಪ್ರಸಾರ ಮಾಡುವ ಹಳೆಯ ಅಡೋಬಿ ಮೀಡಿಯಾ ಸರ್ವರ್ ನಮ್ಮ ಟೀಮಿನ ತಲೆಗೆ ಬಂದಿತ್ತು. ಆ ವರ್ಷದ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಪ್ಲೇಯರಿನ ಆಯಸ್ಸು ಮುಗಿಯುವುದಿತ್ತು. ಅಷ್ಟರೊಳಗೆ ಎಲ್ಲವನ್ನೂ ಬೇರೆಡೆ ಸಾಗಿಸಬೇಕು, ಅಲ್ಲಿಯವರೆಗೆ ಇದನ್ನೇ ಹೇಗೋ ನಡೆಸಬೇಕು. ರಸಾಯನಶಾಸ್ತ್ರದ ಮೇಡಂ ಒಬ್ಬರು, ಬೋರ್ಡಿನ ಮೇಲೆ ಬರೆದ ಸಮೀಕರಣ ಮಕ್ಕಳಿಗೆ ಸರಿಯಾಗಿ ಕಾಣಲಿ ಅಂತ ತಾವೇ ದುಡ್ಡು ಹಾಕಿ ಒಳ್ಳೆಯ ಕ್ಯಾಮೆರಾ ತಂದರು. ವಿಡಿಯೋದ ಗುಣಮಟ್ಟ ಏರಿಸಿದ್ದೇ ತಡ, ಪಾಠ ನಿಂತು ನಿಂತು ಬರತೊಡಗಿತು.

ಬ್ಯಾಂಡ್‌ವಿಡ್ತಿನ ಮಿತಿ ಅಡ್ಡ ಬರುತ್ತಿದೆ ಅಂತ ಬೇಗ ಗೊತ್ತಾಯಿತು. ಆ ಪ್ರಸಾರದ ಫೋಲ್ಡರಿನಲ್ಲಿದ್ದ ಅಪ್ಲಿಕೇಶನ್ ಎಕ್ಸ್‌ಎಂಎಲ್ ಫೈಲ್ ತೆರೆದು ಮಿತಿ ಹೆಚ್ಚಿಸಿದೆ. ಏನೂ ಆಗಲಿಲ್ಲ. ಅಲ್ಲಿನ ಲೆಕ್ಕ ಬೈಟುಗಳಲ್ಲಿ, ನಾನು ಬಿಟ್ ಅಂದುಕೊಂಡೆನೇನೋ ಅಂತ ಎಂಟರಿಂದ ಭಾಗಿಸಿದೆ, ಗುಣಿಸಿದೆ. ಏನೂ ಆಗಲಿಲ್ಲ. ಲಾಗ್ ನೋಡಿದರೆ ಒಂದು ದೂರೂ ಇಲ್ಲ! ಮೂರನೇ ದಿನ ನಮ್ಮ ಟೀಮಿನ ಹಿರಿಯರೊಬ್ಬರು ಫೋನಿನಲ್ಲೇ ಕೇಳಿದರು: "ಮೇಲಿನ ಫೈಲ್ ನೋಡಿದ್ಯಾ ಮಾರಾಯ?"

ಮೇಲೆ ಇನ್ನೊಂದು ಫೈಲ್ ಇರಬಹುದು ಅನ್ನುವುದೇ ನನಗೆ ಹೊಳೆದಿರಲಿಲ್ಲ.

ಹೀಗೆ ಒಂದರ ಮೇಲೊಂದು ಸೆಟ್ಟಿಂಗ್ ಹೇರುವ ಪದ್ಧತಿ ಮೀಡಿಯಾ ಸರ್ವರುಗಳಿಗಿಂತ ಹಳೆಯದು. ವೆಬ್ಬಿನಲ್ಲಿ ಅದರ ಪ್ರಸಿದ್ಧ ರೂಪ ಬಂದದ್ದು 1993ರಲ್ಲಿ, ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿ ರಾಬ್ ಮೆಕೂಲ್ ಬರೆದ ವೆಬ್ ಸರ್ವರ್ ಜೊತೆಗೆ. ಒಂದು ಯಂತ್ರ, ಅದರಲ್ಲಿ ಹತ್ತಾರು ಜನರ ಪುಟಗಳು. ಮುಖ್ಯ ಕಾನ್ಫಿಗ್ ಫೈಲನ್ನು ಎಲ್ಲರ ಕೈಗೂ ಕೊಡಲಾಗದು. ಅದಕ್ಕೇ ಅವರವರ ಫೋಲ್ಡರಿನಲ್ಲಿ ಅವರವರೇ ಇಟ್ಟುಕೊಳ್ಳುವ ಡಾಟ್ ಎಚ್‌ಟಿಆಕ್ಸೆಸ್ ಅನ್ನುವ ಪುಟ್ಟ ಫೈಲು. 1995ರಲ್ಲಿ ಆ ಕೋಡಿನಿಂದಲೇ ಹುಟ್ಟಿದ ಅಪಾಚೆ ಇದನ್ನೂ ಹೊತ್ತು ತಂದಿತು. ಜೊತೆಗೆ 'ಅಲೋ ಓವರ್‌ರೈಡ್' ಅನ್ನುವ ಲಗಾಮು: ಕೆಳಗಿನವರು ಎಷ್ಟರ ಮಟ್ಟಿಗೆ ಮೇಲಿನವರ ಮಾತು ಮೀರಬಹುದು ಅಂತ ಯಜಮಾನ ನಿರ್ಧರಿಸಲಿಕ್ಕೆ. ಪ್ರತಿ ಕೋರಿಕೆಗೂ ದಾರಿಯುದ್ದದ ಪ್ರತಿ ಫೋಲ್ಡರಿನಲ್ಲೂ ಆ ಫೈಲಿದೆಯೇ ಅಂತ ಹುಡುಕಬೇಕಾದ್ದರಿಂದ ಇದು ದುಬಾರಿ ಸೌಕರ್ಯ. 2012ರ ಅಪಾಚೆ 2.4ರ ಹೊತ್ತಿಗೆ ಮೊದಲು 'ಎಲ್ಲಕ್ಕೂ ಅನುಮತಿ' ಎಂದಿದ್ದ ಡೀಫಾಲ್ಟ್ 'ಯಾವುದಕ್ಕೂ ಇಲ್ಲ' ಎಂದಾಯಿತು.

ಇಲ್ಲಿ ಒಂದು ಸೂಕ್ಷ್ಮ ಇದೆ. ಕೆಲವಕ್ಕೆ ಮಾತ್ರ ಅನುಮತಿ ಕೊಟ್ಟು, ನೀವು ಬೇರೇನೋ ಬರೆದರೆ ಅಪಾಚೆ 500 ಅಂತ ಚೀರಿಕೊಳ್ಳುತ್ತದೆ, ಇಲ್ಲಿ ಇದಕ್ಕೆ ಅವಕಾಶವಿಲ್ಲ ಅಂತ ಲಾಗಿನಲ್ಲಿ ಬರೆಯುತ್ತದೆ. ಆದರೆ ಪೂರ್ತಿ ನಿಷೇಧಿಸಿದ್ದರೆ ನಿಮ್ಮ ಫೈಲನ್ನು ಓದುವುದೇ ಇಲ್ಲ. ಗಪ್‌ಚುಪ್. ನನಗೆ ಚೀರಾಟವೇ ಇಷ್ಟ.

ಅಂದ ಹಾಗೆ, ನಮಗೆ ಇದು ಹೊಸದೇನಲ್ಲ. ಹೈಸ್ಕೂಲಿನಲ್ಲಿ ಸಂಧಿ ಕಲಿತವರಿಗೆಲ್ಲ ಗೊತ್ತು: ಊರು ಮತ್ತು ಅಲ್ಲಿ ಸೇರಿದರೆ ಉಕಾರ ಬಿದ್ದು 'ಊರಲ್ಲಿ'. ಹಾಗಂತ ಗುರು ಮತ್ತು ಅನ್ನು ಸೇರಿಸಿ 'ಗುರನ್ನು' ಅಂದರೆ ಮೇಷ್ಟ್ರು ಸುಮ್ಮನಿರುತ್ತಾರೆಯೇ? ಅಲ್ಲಿ ವಕಾರ ಬಂದು 'ಗುರುವನ್ನು' ಆಗಲೇಬೇಕು. ಸಾಮಾನ್ಯ ನಿಯಮಕ್ಕಿಂತ ವಿಶೇಷ ನಿಯಮ ಮೇಲು ಅನ್ನುವುದನ್ನು ನಮ್ಮ ವೈಯಾಕರಣರು ಸಾವಿರಾರು ವರ್ಷಗಳ ಹಿಂದೆಯೇ ಇತ್ಯರ್ಥ ಮಾಡಿಬಿಟ್ಟಿದ್ದಾರೆ :-)

ಮ್ಯಾಕ್ರೋಮೀಡಿಯಾ ಕಂಪನಿ 2002ರಲ್ಲಿ ಫ್ಲ್ಯಾಶ್ ಕಮ್ಯುನಿಕೇಶನ್ ಸರ್ವರ್ ತಂದಿತು. 2005ರಲ್ಲಿ ಅದರ ಹೆಸರು ಫ್ಲ್ಯಾಶ್ ಮೀಡಿಯಾ ಸರ್ವರ್ ಆಯಿತು, ಅದೇ ವರ್ಷದ ಕೊನೆಗೆ ಕಂಪನಿಯೇ ಅಡೋಬಿಯ ಪಾಲಾಯಿತು, 2012ರಲ್ಲಿ ಅಡೋಬಿ ಮೀಡಿಯಾ ಸರ್ವರ್ ಎಂಬ ಹೆಸರು ಬಂತು. ಇದರ ಕಾನ್ಫಿಗ್ ನೋಡಿದರೆ ನಾಲ್ಕು ಅಂತಸ್ತಿನ ಮನೆ. ಮೇಲೆ ಸರ್ವರ್, ಅದರ ಕೆಳಗೆ ಅಡಾಪ್ಟರ್, ಅದರ ಕೆಳಗೆ ವರ್ಚುಯಲ್ ಹೋಸ್ಟ್, ತಳದಲ್ಲಿ ಅಪ್ಲಿಕೇಶನ್. ಒಂದೊಂದಕ್ಕೂ ಒಂದೊಂದು ಎಕ್ಸ್‌ಎಂಎಲ್ ಫೈಲು. ಸಾಲದ್ದಕ್ಕೆ ಪೋರ್ಟ್ ಸಂಖ್ಯೆ, ಪಾಸ್‌ವರ್ಡ್ ಮುಂತಾದವನ್ನು ಈ ಫೈಲುಗಳಿಗೆ ಹೊರಗಿನಿಂದ ತುಂಬುವ ಇನ್ನೊಂದು ಐಎನ್‌ಐ ಫೈಲು.

ಅಪ್ಲಿಕೇಶನ್ ಎಕ್ಸ್‌ಎಂಎಲ್ ಎಂಬ ಹೆಸರಿನ ಫೈಲು ಎರಡು ಕಡೆ ಇರಬಹುದಿತ್ತು. ವರ್ಚುಯಲ್ ಹೋಸ್ಟಿನ ಫೋಲ್ಡರಿನಲ್ಲಿ ಇರುವುದು ಎಲ್ಲರಿಗೂ, ಅಪ್ಲಿಕೇಶನ್ನಿನ ಫೋಲ್ಡರಿನಲ್ಲಿ ಇಟ್ಟದ್ದು ಅದೊಂದಕ್ಕೆ. ಸಾಮಾನ್ಯವಾಗಿ ಕೆಳಗಿನದೇ ಗೆಲ್ಲುತ್ತದೆ. ಆದರೆ ಮೇಲಿನ ಫೈಲಿನ ಕೆಲವು ಟ್ಯಾಗುಗಳಿಗೆ 'ಓವರ್‌ರೈಡ್ ನೋ' ಅಂತ ಒಂದು ಬೀಗ ಹಾಕಬಹುದು. ಬೀಗ ಬಿದ್ದ ಟ್ಯಾಗಿನ ಹೊಟ್ಟೆಯಲ್ಲಿರುವ ಸಕಲವೂ ಬಂದ್. ಕೆಳಗೆ ಬೇರೆ ಏನು ಬರೆದರೂ ಅದನ್ನು ಕಡೆಗಣಿಸಿ ಮೇಲಿನದನ್ನೇ ಬಳಸಲಾಗುತ್ತದೆ. ಇದನ್ನೆಲ್ಲ ಕೈಪಿಡಿಯಲ್ಲಿ ಸ್ಪಷ್ಟವಾಗಿಯೇ ಬರೆದಿದ್ದರು. ಓದದವನು ನಾನು.

ನಮ್ಮ ಸರ್ವರಿನಲ್ಲಿ 'ಕ್ಲೈಂಟ್' ಟ್ಯಾಗಿಗೆ ಬೀಗ ಬಿದ್ದಿತ್ತು. ಬ್ಯಾಂಡ್‌ವಿಡ್ತ್ ಇರುವುದು ಅದರೊಳಗೇ. ಯಾರು ಯಾವಾಗ ಹಾಕಿದರೋ, ಆ ಪುಣ್ಯಾತ್ಮರು ಕೆಲಸ ಬಿಟ್ಟು ಹೋಗಿದ್ದರು. ಬೀಗ ತೆಗೆದುಬಿಡೋಣ ಅಂದೆ. ಹಿರಿಯರು ತಡೆದರು. ಅದೇ ವರ್ಚುಯಲ್ ಹೋಸ್ಟಿನಲ್ಲಿ ಹನ್ನೊಂದು ವಿಭಾಗಗಳ ಪ್ರಸಾರ ಇತ್ತು, ಒಬ್ಬರು ಮಿತಿಯಿಲ್ಲದೆ ಹರಿಸಿದರೆ ಉಳಿದವರಿಗೆ ದಾರಿ ಕಟ್ಟುತ್ತದೆ. ಬೀಗ ಹಾಕಿದವರಿಗೆ ಇದು ಗೊತ್ತಿತ್ತು ಅನ್ನಿಸಿತು. ಕಡೆಗೆ ಮೇಡಂಗಾಗಿಯೇ ಇನ್ನೊಂದು ವರ್ಚುಯಲ್ ಹೋಸ್ಟ್ ಮಾಡಿಕೊಟ್ಟೆವು. ಅಷ್ಟರಲ್ಲಿ ಅವರ ಮೂರು ಪಾಠ ಹಾಳಾಗಿತ್ತು.

ಬೇರೆಯವರು ಈ ಪ್ರಶ್ನೆಯನ್ನು ಬೇರೆ ರೀತಿ ಬಗೆಹರಿಸಿಕೊಂಡರು. ಇಂಟರ್ನೆಟ್ ರೇಡಿಯೋದವರ ಮೆಚ್ಚಿನ ಐಸ್‌ಕಾಸ್ಟ್‌ನ ಎರಡನೇ ಅವತಾರ 2004ರಲ್ಲಿ ಬಂತು. ಅದಕ್ಕೆ ಒಂದೇ ಎಕ್ಸ್‌ಎಂಎಲ್ ಫೈಲು. ಸಾಮಾನ್ಯ ಮಿತಿಗಳು ಒಂದು ಕಡೆ, ಒಂದೊಂದು ಸ್ಟ್ರೀಮಿಗೂ ಬೇಕಾದರೆ 'ಮೌಂಟ್' ಎಂಬ ತುಂಡು. ಮುಂದೆ ಎಲ್ಲ ಸ್ಟ್ರೀಮುಗಳಿಗೂ ಅನ್ವಯಿಸುವ 'ಡೀಫಾಲ್ಟ್ ಮೌಂಟ್' ಅನ್ನೂ ಸೇರಿಸಿದರು. ಹೆಸರು ನೋಡಿ ಮೋಸ ಹೋಗಬೇಡಿ. ಒಂದು ಸ್ಟ್ರೀಮಿಗೆ ನೀವು ಒಂದೇ ಒಂದು ಸಾಲಿನ ಸ್ವಂತ ಮೌಂಟ್ ಬರೆದರೂ ಡೀಫಾಲ್ಟ್ ಮೌಂಟಿನ ಹತ್ತು ಸಾಲೂ ಅದಕ್ಕೆ ಅನ್ವಯಿಸುವುದಿಲ್ಲ. ಎರಡನ್ನೂ ಬೆರೆಸುವುದಿಲ್ಲ, ಒಂದಿದ್ದರೆ ಇನ್ನೊಂದಿಲ್ಲ.

ನಾವು ಸಾಗಿದ್ದು ಎಂಜಿನ್‌ಎಕ್ಸ್ ಕಡೆಗೆ. ರಷ್ಯಾದ ಇಗೊರ್ ಸಿಸೊಯೆವ್ 2004ರಲ್ಲಿ ಬಿಡುಗಡೆ ಮಾಡಿದ ಇದರಲ್ಲಿ ಫೋಲ್ಡರಿಗೊಂದು ಫೈಲಿನ ಗೊಡವೆಯೇ ಇಲ್ಲ. 2012ರಲ್ಲಿ ರೋಮನ್ ಅರುತ್ಯುನ್ಯಾನ್ ಇದಕ್ಕೊಂದು ಆರ್‌ಟಿಎಂಪಿ ಮಾಡ್ಯೂಲ್ ಬರೆದರು. ಅದರಲ್ಲೂ ಸರ್ವರ್, ಅದರೊಳಗೆ ಅಪ್ಲಿಕೇಶನ್! ಮ್ಯಾಕ್ರೋಮೀಡಿಯಾ ಹೋಯಿತು, ಫ್ಲ್ಯಾಶ್ ಹೋಯಿತು, ಪದ ಮಾತ್ರ ಉಳಿಯಿತು. ಬೀಗ ಉಳಿಯಲಿಲ್ಲ. ಇಲ್ಲಿ ಒಳಗಿನದೇ ಅಂತಿಮ.

ಹಾಗಾದರೆ ಸುಖವೇ? ಎಲ್ಲಿ ಬಂತು! ಹೊಸ ಪ್ರಸಾರ ಎಚ್‌ಎಲ್‌ಎಸ್ ಮೂಲಕ, ಅಂದರೆ ವಿಡಿಯೋವನ್ನು ಚಿಕ್ಕ ಚಿಕ್ಕ ತುಂಡು ಮಾಡಿ ವೆಬ್ ಪುಟದಂತೆಯೇ ಕಳಿಸುವುದು. ತುಂಡುಗಳ ಪಟ್ಟಿ ಹಳತಾಗಬಾರದು ಅಂತ ಆ ಪಟ್ಟಿಯ ಲೊಕೇಶನ್ನಿನಲ್ಲಿ 'ಕ್ಯಾಶ್ ಮಾಡಬೇಡಿ' ಅನ್ನುವ ಒಂದು ಹೆಡರ್ ಸೇರಿಸಿದೆ. ಕಾಲೇಜಿನ ಜಾಲತಾಣದಲ್ಲಿ ವಿಡಿಯೋ ಕಪ್ಪಾಯಿತು, ಮೊಬೈಲ್ ಆ್ಯಪಿನಲ್ಲಿ ಮಾತ್ರ ಸರಿಯಾಗಿಯೇ ಓಡುತ್ತಿತ್ತು. ಒಂದು ಗಂಟೆ ಬೆವರಿದ ಮೇಲೆ ತಿಳಿದದ್ದು: ಮೇಲಿನ ಮಟ್ಟದ ಹೆಡರುಗಳು ಕೆಳಗೆ ಇಳಿಯುವುದು ಕೆಳಗೆ ಒಂದೂ 'ಆ್ಯಡ್ ಹೆಡರ್' ಇಲ್ಲದಿದ್ದರೆ ಮಾತ್ರ. ಅದೇ ಎಂಜಿನ್‌ಎಕ್ಸ್‌ನ ಡೀಫಾಲ್ಟ್ ನಡವಳಿಕೆ. ನಾನು ಒಂದು ಸೇರಿಸಿದೆ, ಮೇಲಿನಿಂದ ಬರುತ್ತಿದ್ದ, ಬೇರೆ ತಾಣದ ಪುಟಕ್ಕೆ ವಿಡಿಯೋ ಓದಲು ಅನುಮತಿ ಕೊಡುವ ಹೆಡರ್ ಮಾಯವಾಯಿತು. ಆ ಅನುಮತಿ ಕೇಳುವುದು ಬ್ರೌಸರ್ ಮಾತ್ರ, ಆ್ಯಪಿಗೆ ಅದರ ಹಂಗಿಲ್ಲ.

ಎಲ್ಲ ಹೆಡರುಗಳನ್ನೂ ಒಂದು ಚಿಕ್ಕ ಫೈಲಿಗೆ ಹಾಕಿ ಪ್ರತಿ ಲೊಕೇಶನ್ನಿನಲ್ಲೂ ಇನ್‌ಕ್ಲೂಡ್ ಮಾಡಿದೆ. ಅಲ್ಲೂ ಕಾಮೆಂಟ್ ಕನ್ನಡದಲ್ಲಿ ಬರೆಯಬಹುದು ಅಂತ ಆವತ್ತೇ ಗೊತ್ತಾದದ್ದು. ಫೈಲಿನ ಮೊದಲ ಸಾಲು ಹೀಗಿದೆ: "ಇಲ್ಲಿ ಕೈಯಾಡಿಸುವ ಮುಂಚೆ ಮೇಲಿನ ಫೈಲ್ ನೋಡು ಮಾರಾಯ."