ಗ್ರೀಕರ ಹಳ್ಳಿಯ ಸಲಾಡೂ ಕೆಂಡದ ಕೋಳಿಯೂ

ಅಥೆನ್ಸ್ ಪಟ್ಟಣದಲ್ಲಿ ಅಕ್ರೊಪೊಲಿಸ್ ಗುಡ್ಡದ ತಪ್ಪಲಿಗೆ ಪ್ಲಾಕಾ ಎಂಬ ಹಳೆಯ ಕೇರಿಯೊಂದುಂಟು. ಅಲ್ಲಿಯ ಊಟದ ಮನೆಗಳಲ್ಲಿ ಕುಳಿತ ಪರದೇಶೀಯನ ಮುಂದೆ ಅಗಲವಾದ ತಟ್ಟೆಯೊಂದು ಬರುತ್ತದೆ. ಅದರಲ್ಲಿ ದಪ್ಪನಾಗಿ ಹೆಚ್ಚಿದ ಟೊಮೇಟೊ, ಸೌತೆಕಾಯಿ, ಬಳೆಬಳೆಯಾಗಿ ಕೊಯ್ದ ಈರುಳ್ಳಿ, ಹಸಿರು ದೊಣ್ಣೆ ಮೆಣಸಿನಕಾಯಿ, ಕಪ್ಪು ಆಲಿವ್ ಕಾಯಿಗಳು. ಇವೆಲ್ಲದರ ಮೇಲೆ ಹಾಸುಗಲ್ಲಿನಂತೆ ಕುಳಿತಿರುವ ಫೆಟಾ ಎಂಬ ಬಿಳಿಯ ಚೀಸಿನ ಹೋಳು. ಅದರ ಮೇಲೆ ಒಣಗಿದ ಒರೆಗಾನೊ ಸೊಪ್ಪಿನ ಪುಡಿ, ಧಾರಾಳವಾಗಿ ಸುರಿದ ಆಲಿವ್ ಎಣ್ಣೆ. ಗ್ರೀಕರು ಇದನ್ನು ಹೊರಿಯಾತಿಕಿ, ಎಂದರೆ ಹಳ್ಳಿಯದು, ಎಂದು ಕರೆಯುತ್ತಾರೆ. ಕೋಸಂಬರಿಯನ್ನು ಬಲ್ಲ ಕನ್ನಡಿಗರಿಗೆ ಇದು ತೀರ ಅಪರಿಚಿತವಾದ ವಸ್ತುವಲ್ಲ. ತಲೆಯೆತ್ತಿದರೆ ಪಾರ್ಥೆನಾನ್ ದೇಗುಲ, ತಲೆ ತಗ್ಗಿಸಿದರೆ ಈ ತಟ್ಟೆ. ಪೆರಿಕ್ಲೀಸನೂ ಸಾಕ್ರಟೀಸನೂ ಇದನ್ನೇ ಉಂಡು ಬಾಳಿದರೆಂಬ ಭಾವನೆ ಹುಟ್ಟುವುದು ಸಹಜವೇ. ಆದರೆ ಟೊಮೇಟೊ, ಮೆಣಸಿನಕಾಯಿಗಳ ಹೆಸರನ್ನು ಕೂಡ ಆ ಮಹಾನುಭಾವರು ಕೇಳಿರಲಿಲ್ಲ.

ತಟ್ಟೆಯಲ್ಲಿ ನಿಜವಾಗಿಯೂ ಪುರಾತನವಾದುವುಗಳಲ್ಲಿ ಮುಖ್ಯವಾದುವು ಎರಡು: ಆಲಿವ್ ಮತ್ತು ಚೀಸು. ಅಥೆನ್ಸಿನ ಒಡೆತನಕ್ಕಾಗಿ ಸಮುದ್ರದೇವನಾದ ಪೊಸೈಡನನಿಗೂ ಅಥೀನಾದೇವಿಗೂ ಸ್ಪರ್ಧೆ ನಡೆದು, ದೇವಿಯು ಆಲಿವ್ ಮರವನ್ನು ಕೊಟ್ಟು ಗೆದ್ದಳೆಂಬುದು ಆ ಊರಿನ ಸ್ಥಳಪುರಾಣ. ಕ್ರಿ. ಪೂ. 480ರಲ್ಲಿ ಪಾರಸಿಕರು ಗುಡ್ಡಕ್ಕೆ ಬೆಂಕಿಯಿಟ್ಟಾಗ ಆ ಮರವೂ ಸುಟ್ಟುಹೋಯಿತು. ಮರುದಿನವೇ ಬುಡದಿಂದ ಮೊಳದುದ್ದದ ಚಿಗುರು ಹೊರಟಿತ್ತೆಂದು ಹೆರೊಡೋಟಸನು ಬರೆದಿರುವನು. ಪುರಾಣವನ್ನು ಬದಿಗಿಟ್ಟರೂ ಎಣ್ಣೆಯ ಮಹತ್ತ್ವವು ಕಡಿಮೆಯಾಗುವುದಿಲ್ಲ. ಕ್ರಿ. ಪೂ. 594ರ ಸುಮಾರಿನಲ್ಲಿ ಶಾಸನಕರ್ತನಾದ ಸೋಲನನು ಅಟ್ಟಿಕಾ ಪ್ರಾಂತದ ಬೆಳೆಗಳಲ್ಲಿ ಆಲಿವ್ ಎಣ್ಣೆಯೊಂದನ್ನುಳಿದು ಬೇರಾವುದನ್ನೂ ಹೊರಗೆ ಮಾರಕೂಡದೆಂದು ಕಟ್ಟುಮಾಡಿದನೆಂದು ಪ್ಲುಟಾರ್ಕನು ಹೇಳುತ್ತಾನೆ. ತೆಳುವಾದ ಮಣ್ಣಿನ ಆ ಪ್ರಾಂತದಲ್ಲಿ ಧಾನ್ಯವು ಊರಿನ ಹೊಟ್ಟೆಗೇ ಸಾಲುತ್ತಿರಲಿಲ್ಲ.

ಚೀಸಿನ ಸುದ್ದಿ ಹೋಮರನ ಒಡಿಸ್ಸಿಯಲ್ಲಿಯೇ ಬರುತ್ತದೆ. ಒಂಟಿಗಣ್ಣಿನ ರಾಕ್ಷಸನಾದ ಪಾಲಿಫೀಮಸನು ಕುರಿ ಮೇಕೆಗಳ ಹಾಲನ್ನು ಹೆಪ್ಪುಗಟ್ಟಿಸಿ ಬುಟ್ಟಿಗಳಲ್ಲಿ ಸೋಸಿಡುವ ವರ್ಣನೆಯನ್ನು ಓದಿದರೆ ಕವಿಯು ಕುರುಬರ ಹಟ್ಟಿಯನ್ನು ಹತ್ತಿರದಿಂದ ಕಂಡವನೆಂದು ತೋರುತ್ತದೆ. ಹಾಗೆಂದು ಅದನ್ನೇ ಫೆಟಾ ಎನ್ನಲಾಗದು. ಆ ಹೆಸರು ಇಟಲಿಯ ಭಾಷೆಯಲ್ಲಿ ಹೋಳು ಎಂಬರ್ಥದ ಮಾತಿನಿಂದ ಬಂದುದು; ಗ್ರೀಕಿನಲ್ಲಿ ರೂಢಿಗೆ ಬಂದದ್ದು 17ನೆಯ ಶತಮಾನದಲ್ಲಿ. 1494ರಲ್ಲಿ ಜೆರುಸಲೇಮಿನ ಯಾತ್ರೆಗೆ ಹೊರಟ ಪಿಯೆತ್ರೊ ಕಸೋಲಾ ಎಂಬ ಇಟಲಿಯವನು ಕ್ರೀಟ್ ದ್ವೀಪದ ಕ್ಯಾಂಡಿಯಾ ಪಟ್ಟಣದಲ್ಲಿ ಉಪ್ಪುನೀರಿನಲ್ಲಿ ಮುಳುಗಿಸಿಟ್ಟ ಚೀಸಿನ ಉಗ್ರಾಣಗಳನ್ನು ಕಂಡು ಬರೆದಿಟ್ಟಿದ್ದಾನೆ. ಇದರಲ್ಲೊಂದು ವಿನೋದವಿದೆ. ಯುರೋಪಿನ ಒಕ್ಕೂಟವು 2002ರಲ್ಲಿ ಫೆಟಾ ಎಂಬ ಹೆಸರು ಗ್ರೀಸಿನ ಕೆಲವು ಗೊತ್ತಾದ ಪ್ರಾಂತಗಳ ಚೀಸಿಗೆ ಮಾತ್ರ ಸಲ್ಲತಕ್ಕದ್ದೆಂದು ವಿಧಿಸಿದಾಗ, ಕ್ರೀಟ್ ದ್ವೀಪವು ಆ ಪಟ್ಟಿಯಲ್ಲಿ ಸೇರಲಿಲ್ಲ. ಹಸುವಿನ ಹಾಲಿನಿಂದ ಅದೇ ಹೆಸರಿನ ಚೀಸನ್ನು ಮಾಡಿ ಮಾರುತ್ತಿದ್ದ ಡೆನ್ಮಾರ್ಕ್ ಮುಂತಾದ ದೇಶಗಳು ವ್ಯಾಜ್ಯ ಹೂಡಿದುವು. 2005ರಲ್ಲಿ ಒಕ್ಕೂಟದ ನ್ಯಾಯಾಸ್ಥಾನವು ಗ್ರೀಕರ ಪಕ್ಷವನ್ನೇ ಎತ್ತಿಹಿಡಿಯಿತು. ಮುಕ್ಕಾಲುಪಾಲಿಗೆ ಸಮೀಪವಾಗಿ, ನೂರಕ್ಕೆ 70 ಭಾಗಕ್ಕೆ ಕಡಿಮೆಯಿಲ್ಲದಂತೆ, ಕುರಿಯ ಹಾಲಿರಬೇಕು, ಉಳಿದದ್ದು ಮೇಕೆಯದು, ಎರಡು ತಿಂಗಳಾದರೂ ಮಾಗಬೇಕು.

ಇನ್ನು ಕೆಂಡದ ವಿಚಾರ. ಮಾಂಸವನ್ನು ಸಲಾಕೆಗೆ ಚುಚ್ಚಿ ಸುಡುವ ಪದ್ಧತಿಯು ಗ್ರೀಸಿನಲ್ಲಿ ಮೂರೂವರೆ ಸಾವಿರ ವರ್ಷಗಳಿಗೂ ಹಿಂದಿನದು. ಕ್ರಿ. ಪೂ. 2ನೆಯ ಸಹಸ್ರಮಾನದ ನಡುವೆ ಜ್ವಾಲಾಮುಖಿಯ ಬೂದಿಯಡಿಯಲ್ಲಿ ಹೂತುಹೋದ ಸಾಂಟೊರಿನಿ ದ್ವೀಪದ ಅಕ್ರೊಟಿರಿ ಎಂಬ ಊರನ್ನು ಅಗೆದಾಗ, ಸಲಾಕೆಗಳನ್ನು ಅಡ್ಡಲಾಗಿ ಇಡಲು ಕಚ್ಚುಗಳನ್ನು ಮಾಡಿದ ಮಣ್ಣಿನ ಜೋಡಿ ಆಸರೆಗಳು ದೊರೆತವು. ಸಲಾಕೆಗೆ ಗ್ರೀಕಿನಲ್ಲಿ ಒಬೆಲೊಸ್ ಎಂದು ಹೆಸರು. ನಾಣ್ಯಗಳು ಬಳಕೆಗೆ ಬರುವ ಮೊದಲು ಕಬ್ಬಿಣದ ಸಲಾಕೆಗಳೇ ಹಣದಂತೆ ಕೈಯಿಂದ ಕೈಗೆ ನಡೆಯುತ್ತಿದ್ದವು. ಒಬೊಲ್ ಎಂಬ ಚಿಕ್ಕ ನಾಣ್ಯದ ಹೆಸರು ಆ ಸಲಾಕೆಯಿಂದಲೇ ಬಂದುದು. ಆರು ಸಲಾಕೆ ಸೇರಿದರೆ ಒಂದು ಹಿಡಿ. ಆ ಹಿಡಿಯೇ ದ್ರಾಕ್ಮಾ. 2002ರಲ್ಲಿ ಯೂರೊ ಬರುವವರೆಗೆ ಗ್ರೀಸಿನ ಜನರು ಸಂತೆಯಲ್ಲಿ ಎಣಿಸಿಕೊಡುತ್ತಿದ್ದ ನಾಣ್ಯದ ಹೆಸರಿನಲ್ಲಿ ಒಂದು ಹಿಡಿ ಅಡುಗೆಯ ಸಲಾಕೆಗಳು ಅಡಗಿದ್ದುವೆಂಬುದು ಭಾಷಾಶಾಸ್ತ್ರದ ಸೊಗಸುಗಳಲ್ಲಿ ಒಂದು.

ಆದರೆ ಆ ಸಲಾಕೆಯ ಮೇಲೆ ಕೋಳಿಯಿರಲಿಲ್ಲ. ಇಲಿಯಡ್ಡಿನಲ್ಲಿ ಅಕಿಲೀಸನು ಅತಿಥಿಗಳಿಗೆ ಕುರಿ, ಮೇಕೆ, ಹಂದಿಗಳ ಮಾಂಸವನ್ನು ಸುಟ್ಟು ಬಡಿಸುತ್ತಾನೆ; ಹೋಮರನ ಎರಡು ಮಹಾಕಾವ್ಯಗಳ ಊಟಗಳಲ್ಲಿ ಎಲ್ಲಿಯೂ ಕೋಳಿಯಿಲ್ಲ. ಕೋಳಿಯ ಮೂಲಸ್ಥಾನವು ಪೂರ್ವದೇಶ. 2022ರಲ್ಲಿ ಪ್ರಕಟವಾದ ಸಂಶೋಧನೆಗಳ ಪ್ರಕಾರ ಕೆಂಪು ಕಾಡುಕೋಳಿಯು ಸುಮಾರು ಮೂರೂವರೆ ಸಾವಿರ ವರ್ಷಗಳ ಹಿಂದೆ ಈಗಿನ ಥೈಲ್ಯಾಂಡಿನ ಭತ್ತ, ಸಿರಿಧಾನ್ಯಗಳ ಹೊಲಗಳ ಬಳಿ ಮನುಷ್ಯನಿಗೆ ಹೊಂದಿಕೊಂಡಿತು; ಮೆಡಿಟರೇನಿಯನ್ ತೀರಕ್ಕೆ ಬಂದದ್ದು ಕ್ರಿ. ಪೂ. 800ರ ಸುಮಾರಿಗೆ. ದಾರಿಯಲ್ಲಿ ದಕ್ಷಿಣ ಭಾರತದ ರಕ್ತವೂ ಅದರಲ್ಲಿ ಬೆರೆಯಿತು. ಸಾಕುಕೋಳಿಗಳಲ್ಲಿ ಅನೇಕವುಗಳ ಚರ್ಮ ಹಳದಿಯಾಗಿರುವುದಕ್ಕೆ ಕಾರಣವಾದ ಆನುವಂಶಿಕ ಗುಣವು ಬೂದು ಕಾಡುಕೋಳಿಯಿಂದ ಬಂದುದೆಂದು 2008ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಅದು ಕೊಡಗು, ಮಲೆನಾಡುಗಳ ಕಾಡಿನಲ್ಲಿ ಇಂದಿಗೂ ಮುಂಜಾನೆ ಕೂಗುವ ಹಕ್ಕಿ.

ಗ್ರೀಕರು ಕೋಳಿಯನ್ನು ಪಾರಸಿಕರ ಹಕ್ಕಿಯೆಂದೇ ತಿಳಿದಿದ್ದರು. ಕ್ರಿ. ಪೂ. 414ರಲ್ಲಿ ಆಡಿದ ‘ಹಕ್ಕಿಗಳು’ ಎಂಬ ಪ್ರಹಸನದಲ್ಲಿ ಅರಿಸ್ಟೊಫನೀಸನು ಹುಂಜವನ್ನು ಅದೇ ಹೆಸರಿನಿಂದ ಹಾಸ್ಯಮಾಡಿದ್ದಾನೆ. ಮೊದಮೊದಲು ಅದು ಕಾಳಗಕ್ಕೆ, ಕಾಣಿಕೆಗೆ, ಬಲಿಗೆ ಬೇಕಾದ ಹಕ್ಕಿ. ಕ್ರಿ. ಪೂ. 399ರಲ್ಲಿ ವಿಷಪಾನ ಮಾಡಿದ ಸಾಕ್ರಟೀಸನು ಕೊನೆಯುಸಿರಿನ ಮುನ್ನ ಗೆಳೆಯನಾದ ಕ್ರಿಟೊವಿಗೆ ನೆನಪಿಸಿದ್ದು ವೈದ್ಯದೇವತೆಗೆ ಸಲ್ಲಬೇಕಾದ ಒಂದು ಹುಂಜದ ಹರಕೆಯನ್ನೇ. ಮುಂದಿನ ಶತಮಾನಗಳಲ್ಲಿಯೂ ಹಳ್ಳಿಯ ಮನೆಯಲ್ಲಿ ಕೋಳಿಯೆಂದರೆ ಮೊಟ್ಟೆಯ ಆದಾಯ. ಮೊಟ್ಟೆಯಿಡುವುದು ನಿಂತ ಮುದಿ ಕೋಳಿಯನ್ನು ಸಾರಿಗೆ ಬೇಯಿಸುವರೇ ಹೊರತು ಕೆಂಡದ ಮೇಲಿಟ್ಟರೆ ಅದು ತೊಗಲಿನಂತಾಗುತ್ತದೆ. ಎಳೆಯ ಕೋಳಿಯನ್ನು ಮಾಂಸಕ್ಕೆಂದೇ ಕೊಲ್ಲುವುದು ಉಳ್ಳವರ ಮಾತಾಗಿತ್ತು.

ಟೊಮೇಟೊವಿನ ಕಥೆ ಇನ್ನೂ ಈಚಿನದು. ಮೆಣಸಿನಕಾಯಿಯಂತೆ ಅದೂ ಅಮೆರಿಕಾ ಖಂಡದ್ದು. ಸ್ಪೇನಿನವರ ಮೂಲಕ 16ನೆಯ ಶತಮಾನದಲ್ಲಿ ಯುರೋಪಿಗೆ ಬಂದಿತು. ಗ್ರೀಸಿಗೆ ಅದು ಬರಲು ಬಹುಕಾಲ ಹಿಡಿಯಿತು. ಪ್ಲಾಕಾ ಕೇರಿಯಲ್ಲಿಯೇ, ಕ್ರಿ. ಪೂ. 334ರ ಲೈಸಿಕ್ರಟೀಸ್ ಸ್ಮಾರಕವನ್ನು ಒಳಗೊಂಡಿದ್ದ ಕ್ಯಾಪುಚಿನ್ ಸನ್ಯಾಸಿಗಳ ಮಠದ ತೋಟದಲ್ಲಿ 1818ರಲ್ಲಿ ಮೊದಲ ಗಿಡಗಳನ್ನು ನೆಟ್ಟರೆಂಬುದು ಅಥೆನ್ಸಿನ ಪ್ರತೀತಿ. ಸೌತೆಯ ಹುಟ್ಟೂರು ಹಿಮಾಲಯದ ತಪ್ಪಲು. ಪ್ರಾಚೀನ ಗ್ರೀಕರು ತಿನ್ನುತ್ತಿದ್ದುದು ಸೌತೆಯಲ್ಲ, ಕರಬೂಜದ ಜಾತಿಗೆ ಸೇರಿದ ಉದ್ದನೆಯ ಕಾಯಿಯೆಂದು ಈಚಿನ ಸಸ್ಯಶಾಸ್ತ್ರಜ್ಞರು ವಾದಿಸುತ್ತಾರೆ.

ಹೀಗಿರಲು ಈ ತಟ್ಟೆಯು ಗ್ರೀಕ್ ರಾಷ್ಟ್ರದ ಗುರುತಾದದ್ದು ಹೇಗೆ? ಇಲ್ಲಿ ಅಡುಗೆಯ ಕಥೆಗಿಂತ ಹಸಿವಿನ ಕಥೆಯೇ ದೊಡ್ಡದು. 1922ರಲ್ಲಿ ಏಷ್ಯಾಮೈನರಿನ ಯುದ್ಧದಲ್ಲಿ ಗ್ರೀಸು ಸೋತಿತು. ಮರುವರ್ಷದ ಲೋಸಾನ್ ಒಪ್ಪಂದದ ಜನವಿನಿಮಯವೂ ಸೇರಿ ಸುಮಾರು 12 ಲಕ್ಷ ಕ್ರೈಸ್ತರು ಮನೆಮಠ ತೊರೆದು ಗ್ರೀಸಿಗೆ ಬಂದರು; ಗ್ರೀಸಿನ ಮುಸಲ್ಮಾನರು ಲಕ್ಷಗಟ್ಟಲೆಯಾಗಿ ತುರ್ಕಿಗೆ ಹೋದರು. ಬಂದವರು ಸ್ಮಿರ್ನಾ, ಇಸ್ತಾಂಬೂಲುಗಳ ಮಸಾಲೆಯ ರುಚಿಯನ್ನು ಜೊತೆಗೆ ತಂದರು. ಅದೇ ಕಾಲದಲ್ಲಿ ನಿಕೊಲಾಸ್ ತ್ಸೆಲೆಮೆಂತೆಸ್ ಎಂಬ ಪಾಕಶಾಸ್ತ್ರಜ್ಞನು ಗ್ರೀಕರ ಅಡುಗೆಯು ತುರ್ಕರ ಸಂಪರ್ಕದಿಂದ ಕೆಟ್ಟಿತೆಂದು ವಾದಿಸಿ, ಫ್ರೆಂಚರ ಬೆಣ್ಣೆ ಹಾಲುಗಳ ಗೊಜ್ಜನ್ನು ಮನೆಮನೆಗೂ ಕಲಿಸಿದನು. ಆತನ ಹೆಸರೇ ಗ್ರೀಕಿನಲ್ಲಿ ಪಾಕಪುಸ್ತಕಕ್ಕೆ ಪರ್ಯಾಯವಾಯಿತು. ಒಂದು ಜನಾಂಗದ ಅಡುಗೆಯನ್ನು ಶುದ್ಧಮಾಡಹೊರಟವನು ಮತ್ತೊಂದು ಪರದೇಶದ ಅಡುಗೆಯನ್ನೇ ತಂದು ತುಂಬಿದನೆಂಬುದು ಆತನಿಗೆ ತೋರಲಿಲ್ಲ.

1941ರ ಏಪ್ರಿಲಿನಲ್ಲಿ ಜರ್ಮನರು ಅಥೆನ್ಸನ್ನು ಹಿಡಿದರು. ಸೈನ್ಯವು ಧಾನ್ಯವನ್ನೆಲ್ಲ ದೋಚಿತು. ಬ್ರಿಟಿಷರ ನೌಕಾಬಲವು ಸಮುದ್ರದ ದಾರಿಯನ್ನು ಮುಚ್ಚಿತು. ಆ ಚಳಿಗಾಲದಲ್ಲಿ ಅಥೆನ್ಸಿನ ಬೀದಿಗಳಲ್ಲಿ ಜನರು ಸಾವಿರಗಟ್ಟಲೆಯಾಗಿ ಸತ್ತರು. ಹೊಲದ ಬದುಗಳ ಸೊಪ್ಪೂ ಸಿಕ್ಕಿದಷ್ಟು ಎಣ್ಣೆಯೂ ಅನೇಕರ ಪ್ರಾಣ ಉಳಿಸಿದುವು. 1942ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ, ಮುಂದೆ ಆಕ್ಸ್‌ಫಾಮ್ ಎಂದು ಹೆಸರಾದ ಸಮಿತಿಯು ಹುಟ್ಟಿದ್ದು ಗ್ರೀಸಿನ ಈ ಕ್ಷಾಮದ ನಿಮಿತ್ತವಾಗಿಯೇ.

ಯುದ್ಧವು ಮುಗಿದ ಮೇಲೆ 1948ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದವರು ಕ್ರೀಟಿನ ಹಳ್ಳಿಗಳಲ್ಲಿ ಜನರ ಊಟವನ್ನು ಅಳೆದು ತೂಗಿ ನೋಡಿದರು. ರೊಟ್ಟಿ, ಎಣ್ಣೆ, ಬೇಳೆಕಾಳು, ಸೊಪ್ಪು, ಹಣ್ಣು, ಮಾಂಸವು ಅತ್ಯಲ್ಪ. ನಿಮಗೆ ಇನ್ನೇನು ಬೇಕೆಂದು ಕೇಳಿದಾಗ ಬಹುಮಂದಿ ಮೊದಲು ಹೇಳಿದ್ದು ಮಾಂಸವನ್ನು. ಹತ್ತು ವರ್ಷಗಳ ತರುವಾಯ ಅಮೆರಿಕೆಯ ಆನ್ಸೆಲ್ ಕೀಸ್ ಎಂಬ ಶರೀರಶಾಸ್ತ್ರಜ್ಞನು ಏಳು ದೇಶಗಳಲ್ಲಿ ಆರಂಭಿಸಿದ ಪರಿಶೀಲನೆಯಲ್ಲಿ, ಅದೇ ಕ್ರೀಟಿನ ಗಂಡಸರಲ್ಲಿ ಹೃದ್ರೋಗದ ಸಾವು ಅತಿ ವಿರಳವೆಂದು ಕಂಡುಬಂದಿತು. ಬಡವರು ಬಿಡಬೇಕೆಂದಿದ್ದ ಊಟವು ಧನಿಕರಿಗೆ ಪಥ್ಯವಾಯಿತು. 2010ರಲ್ಲಿ ಯುನೆಸ್ಕೊ ಸಂಸ್ಥೆಯು ಗ್ರೀಸ್, ಇಟಲಿ, ಸ್ಪೇನ್, ಮೊರಾಕೊ ದೇಶಗಳ ಈ ಆಹಾರಪದ್ಧತಿಯನ್ನು ಮಾನವಕುಲದ ಪರಂಪರೆಯೆಂದು ಮನ್ನಿಸಿತು. ಅಷ್ಟರಲ್ಲಿ ಗ್ರೀಕರ ಮಕ್ಕಳು ಬಯಸಿದ ಮಾಂಸವನ್ನು ಯಥೇಚ್ಛವಾಗಿ ತಿನ್ನತೊಡಗಿದ್ದರು. ಅವರನ್ನು ಹಳಿಯುವುದಕ್ಕೆ ಹೊರಗಿನವರಿಗೆ ಅಧಿಕಾರವಿಲ್ಲ.

ಟೊಮೇಟೊ ಸೌತೆಗಳ ಸಲಾಡಿನ ಬೆಲೆಯನ್ನು ಸರಕಾರವು ಕಟ್ಟಿಹಾಕಿದ್ದಾಗ, ಪ್ಲಾಕಾದ ಊಟದ ಮನೆಯವರು ಫೆಟಾದ ಹೋಳೊಂದನ್ನು ಮೇಲಿಟ್ಟು, ಇದು ಬೇರೆ ಪದಾರ್ಥವೆಂದು ಹೆಚ್ಚು ಬೆಲೆಗೆ ಮಾರಿದರೆಂದೂ, ಹೊರಿಯಾತಿಕಿಯ ಈಗಿನ ರೂಪವು ಹಾಗೆ ಹುಟ್ಟಿತೆಂದೂ ಹೇಳುವುದುಂಟು. ನಿಜವಿರಲಿ, ಕಟ್ಟುಕಥೆಯಿರಲಿ, ವ್ಯಾಪಾರದ ಜಾಣತನವನ್ನು ಬಲ್ಲವರು ಇದನ್ನು ಸುಲಭವಾಗಿ ನಂಬುತ್ತಾರೆ. ಅದಕ್ಕೆ ಎಲೆಕೋಸಿನಂತಹ ಲೆಟ್ಯೂಸ್ ಸೊಪ್ಪನ್ನು ಸೇರಿಸಿದ್ದು ಅಮೆರಿಕೆಯಲ್ಲಿ. ಬದುಕನ್ನರಸಿ ಅಲ್ಲಿಗೆ ಹೋದ ಗ್ರೀಕರು ತೆರೆದ ಉಪಾಹಾರಗೃಹಗಳಲ್ಲಿ. ಸುಟ್ಟ ಕೋಳಿಯು ಅದರ ಮೇಲೆ ಬಂದು ಕುಳಿತದ್ದು ಕೋಳಿ ಅಗ್ಗವಾದ ಮೇಲೆ. 1923ರಲ್ಲಿ ಡೆಲವೇರ್ ಸಂಸ್ಥಾನದ ಸಿಸಿಲ್ ಸ್ಟೀಲ್ ಎಂಬ ಗೃಹಿಣಿಯು 50 ಮರಿಗಳನ್ನು ತರಿಸಹೋಗಿ, ತಪ್ಪಿನಿಂದ ಬಂದ 500 ಮರಿಗಳನ್ನು ಮಾಂಸಕ್ಕೆಂದೇ ಸಾಕಿ ಮಾರಿದಳು. ಆಕೆಯ ಲಾಭವನ್ನು ಕಂಡು ನೆರೆಹೊರೆಯವರೂ ಅದೇ ಕಸುಬಿಗಿಳಿದರು. ಕ್ರೀಟಿನ ರೈತನ ಆಸೆಯು ಹೀಗೆ ಅಟ್ಲಾಂಟಿಕಿನ ಆಚೆಯಲ್ಲಿ ಈಡೇರಿತು.

ಮನೆಯಲ್ಲಿ ಇದನ್ನು ಮಾಡುವವರಿಗೆ ಈ ಚರಿತ್ರೆಯಿಂದ ದೊರೆಯುವ ಸೂಚನೆಗಳು ಕೆಲವುಂಟು. ಮೂಳೆ ತೆಗೆದ ಎಳೆಯ ಕೋಳಿಯ ಮಾಂಸಕ್ಕೆ ಆಲಿವ್ ಎಣ್ಣೆ, ನಿಂಬೆರಸ, ಜಜ್ಜಿದ ಬೆಳ್ಳುಳ್ಳಿ, ಒರೆಗಾನೊ, ಉಪ್ಪುಗಳನ್ನು ಸವರಿ ಒಂದು ಗಳಿಗೆಯಿಟ್ಟರೆ ಸಾಕು. ಹುಳಿಯಲ್ಲಿ ಹೆಚ್ಚು ಹೊತ್ತು ನೆನೆದರೆ ಮಾಂಸವು ಹಿಟ್ಟಾಗುತ್ತದೆ. ಉರಿಯಡಗಿದ ಕೆಂಡದ ಮೇಲೆ, ಇಲ್ಲವೆ ಚೆನ್ನಾಗಿ ಕಾದ ಕಬ್ಬಿಣದ ಕಾವಲಿಯ ಮೇಲೆ, ಒಳಗೆ ಕೆಂಪು ಉಳಿಯದಂತೆ ಎರಡು ಮಗ್ಗುಲೂ ಬೇಯಿಸಿ, ಐದು ನಿಮಿಷ ಆರಲು ಬಿಟ್ಟು ಅನಂತರ ಕೊಯ್ಯಬೇಕು. ತರಕಾರಿಯನ್ನು ಕೋಸಂಬರಿಯಂತೆ ಸಣ್ಣಗೆ ಹೆಚ್ಚಬಾರದು. ಉಪ್ಪನ್ನು ಟೊಮೇಟೊವಿಗೆ ಮಾತ್ರ, ಅದೂ ಕೈ ಹಿಡಿದು, ಹಾಕಬೇಕು. ಫೆಟಾ ಮತ್ತು ಆಲಿವ್‌ಗಳು ಉಪ್ಪುನೀರಿನಿಂದ ಬಂದುವಲ್ಲವೆ! ಚೀಸನ್ನು ಪುಡಿಮಾಡದೆ ಹೋಳಾಗಿಯೇ ಮೇಲಿಟ್ಟು, ಒರೆಗಾನೊವನ್ನು ಅಂಗೈಯಲ್ಲಿ ತಿಕ್ಕಿ ಉದುರಿಸಿ, ಎಣ್ಣೆ ಸುರಿಯಬೇಕು. ತಟ್ಟೆಯ ತಳದಲ್ಲಿ ಟೊಮೇಟೊ ರಸವೂ ಎಣ್ಣೆಯೂ ಕೂಡಿ ನಿಂತಿರುವುದನ್ನು ಗ್ರೀಕರು ಚೆಲ್ಲುವುದಿಲ್ಲ. ರೊಟ್ಟಿಯ ಚೂರನ್ನು ಅದರಲ್ಲಿ ಅದ್ದಿ ತಿನ್ನುವುದಕ್ಕೆ ಅವರಲ್ಲಿ ಪಾಪಾರಾ ಎಂದು ಹೆಸರು. ಕೋಳಿಯನ್ನು ತಟ್ಟೆಯಲ್ಲಿ ಬಿಟ್ಟವರೂ ಅದನ್ನು ಬಿಡರು.